ಅಜ್ಜಿ ತೊಳೆದ ಖಂಡ

ಬೆಳಗಿನಿಂದ ಎಷ್ಟು ಸಲ ಅಡುಗೆಮನೆಗೆ ಹೋಗಿಬಂದೆನೋ ನನಗೇ ಗೊತ್ತಿಲ್ಲ. ಅಲ್ಲಿ ಮಾಡುವ ಕೆಲಸವೇನೂ ಇಲ್ಲ. ಕಟ್ಟೆಯ ಮೇಲೆ ಸ್ಟೀಲಿನ ಬೋಗುಣಿಯೊಂದು ತಟ್ಟೆ ಮುಚ್ಚಿಕೊಂಡು ತನ್ನ ಪಾಡಿಗೆ ತಾನು ಕೂತಿದೆ. ಹೋಗುತ್ತೇನೆ, ತಟ್ಟೆ ಎತ್ತಿ ನೋಡುತ್ತೇನೆ, ಮೂಸುತ್ತೇನೆ, ಮುಚ್ಚಿ ಬರುತ್ತೇನೆ. ಬಂದು ಪೇಪರು ಬಿಡಿಸಿದರೆ ಒಂದಕ್ಷರವೂ ತಲೆಗೆ ಹತ್ತುವುದಿಲ್ಲ. ಮತ್ತೆ ಏಳುತ್ತೇನೆ. "ಒಳಗೇನು ಕೂಸಿನ್ನ ಮಲಗಿಸಿ ಬಂದೀಯೇನು, ಘಳಿಗಿಗೊಮ್ಮಿ ಹೋಗಿ ನೋಡಾಕ?" ಎಂದು ನಮ್ಮ ಯಜಮಾನರು ಕೇಳಿದರು. ಅವರಿಗೆ ಉತ್ತರ ಕೊಡಲಿಲ್ಲ. ನಿಮಗಾದರೆ ಹೇಳುತ್ತೇನೆ. ಹೇಗೂ ಸಂಜೆಯವರೆಗೆ ಕಾಯಬೇಕು, ಕಾಯುವುದು ನನ್ನಿಂದಾಗದ ಕೆಲಸ. ನೀವು ಜೊತೆಗಿದ್ದರೆ ಹೊತ್ತಾದರೂ ಹೋದೀತು.

ಬೋಗುಣಿಯಲ್ಲಿ ಇರುವುದು ಹಂದಿಯ ಖಂಡ. ಸೋಯಾ ಸಾಸು, ಶುಂಠಿ, ಬೆಳ್ಳುಳ್ಳಿ, ಬೆಲ್ಲ, ಒಂದಿಷ್ಟು ಚಕ್ರಮೊಗ್ಗಿನ ಪುಡಿ, ಎಳ್ಳೆಣ್ಣೆ ಇಷ್ಟರಲ್ಲಿ ನೆನೆಯುತ್ತಿದೆ. ಎಲ್ಲ ಶುರುವಾದದ್ದು ಆ ಸಾಸಿನ ಶೀಶೆಯಿಂದ. ರಜೆಗೆ ಬಂದ ಮಗಳು ತನ್ನ ಮಕ್ಕಳಿಗೆ ನೂಡಲ್ಸ್ ಮಾಡಿ, ಶೀಶೆಯನ್ನು ಇಲ್ಲೇ ಬಿಟ್ಟುಹೋಗಿದ್ದಳು. ಮೊನ್ನೆ ಗೋಡೆಯ ಮಾಡದಲ್ಲಿದ್ದ ಡಬ್ಬಿಗಳನ್ನು ಒರೆಸುವಾಗ ಅದು ಕೈಗೆ ಬಂತು. ಮುಚ್ಚಳ ಸಡಿಲವಿತ್ತು. ಮೂಗಿಗೆ ಬಡಿದ ವಾಸನೆಗೆ ನಾನು ಒರೆಸುವ ಬಟ್ಟೆ ಹಿಡಿದುಕೊಂಡೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಉಪ್ಪು, ಸುಟ್ಟ ಬೆಲ್ಲ, ಹಳೆಯ ಉಪ್ಪಿನಕಾಯಿ ಜಾಡಿ, ಇವೆಲ್ಲ ಕೂಡಿದಂಥ ವಾಸನೆ. ಅದು ನನಗೆ ನೂಡಲ್ಸಿನ ವಾಸನೆ ಅಲ್ಲವೇ ಅಲ್ಲ. ಮಾನ್ವಿಯಲ್ಲಿ ನಮ್ಮ ಅಜ್ಜಿಯ ಅಂಗಳದ ವಾಸನೆ.

ಅಂದಿನಿಂದ ಹಿಡಿದ ಚಡಪಡಿಕೆ ಇವತ್ತು ಯಜಮಾನರನ್ನು ಬೆಳಿಗ್ಗೆಯೇ ಖಂಡ ತರಲು ಅಟ್ಟುವವರೆಗೆ ಬಂತು. ಅವರು ತಂದರು. ಹೇಗೆ ತಂದರು ಅಂದರೆ, ಪೇಪರಿನಲ್ಲಿ ಸುತ್ತಿ, ಅದನ್ನು ಕರಿ ಚೀಲದಲ್ಲಿಟ್ಟು, ಕರಿ ಚೀಲವನ್ನು ಕಾಯಿಪಲ್ಲೆಯ ಕೈಚೀಲದಲ್ಲಿಟ್ಟು, ಮೇಲೆ ಎರಡು ಸಿವುಡು ಮೆಂತ್ಯ ಹೊದಿಸಿ. ರಾಯಚೂರಿನ ಈ ಬಡಾವಣೆಗೆ ಬಂದ ಮೇಲೆ ನಮ್ಮ ಮನೆಗೆ ಹಂದಿ ಬರುವುದೇ ಅಪರೂಪ, ಬಂದರೆ ಹೀಗೇ ಬರುತ್ತದೆ. ನಾವು ಯಾವ ಕೇರಿಯವರೆಂದು ಇಲ್ಲಿ ಯಾರೂ ಬಾಯಿಬಿಟ್ಟು ಕೇಳಿಲ್ಲ, ನಾವೂ ಹೇಳಿಲ್ಲ. ಪಕ್ಕದ ಮನೆಯ ಸುಮಿತ್ರಾಬಾಯಿಯವರು ಮಾತ್ರ ದಿನಾ ಕಾಂಪೌಂಡಿನ ಆಚೆಯಿಂದ, "ಏನ್ರಿ ಟೀಚರ್, ಇವತ್ತೇನು ಅಡಿಗಿ?" ಎಂದು ವಿಚಾರಿಸುತ್ತಾರೆ. ಪಾಪ, ಒಳ್ಳೆಯ ಮನಸ್ಸಿನಿಂದಲೇ ವಿಚಾರಿಸುತ್ತಾರೆ. ಖಂಡದ ವಾಸನೆ ಹೊರಗೆ ಹೋಗದಂತೆ ಕಿಟಕಿ ಮುಚ್ಚಿದ ದಿನವೆಲ್ಲ ನಾನು "ಬದ್ನಿಕಾಯಿರೀ" ಅನ್ನುತ್ತೇನೆ. ಇಷ್ಟು ವರ್ಷದಲ್ಲಿ ನಮ್ಮ ಮನೆಯಲ್ಲಿ ಬೆಂದ ಬದನೆಕಾಯಿ ಇಡೀ ರಾಯಚೂರಿನ ಸಂತೆಗೂ ಬಂದಿರಲಿಕ್ಕಿಲ್ಲ.

ಖಂಡ ನೆನೆಹಾಕುವ ಮೊದಲು ಸಿಕಂದರಾಬಾದಿಗೆ ಫೋನು ಮಾಡಿದ್ದೆ, ಅಮರೇಶ ಮಾವನಿಗೆ. ಮಾವ ಅಂದರೆ ನನ್ನ ಅವ್ವನ ಕೊನೆಯ ತಮ್ಮ, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವನು ಅಷ್ಟೆ. ಈಗ ಬಾಯಲ್ಲಿ ಹಲ್ಲಿಲ್ಲ, ಮಾತು ಅರ್ಧ ಗಾಳಿಯಲ್ಲಿ ಹೋಗುತ್ತದೆ. ಯಾವುದು ಎಷ್ಟು ಹಾಕಬೇಕೆಂದು ಕೇಳಿದರೆ, "ಕೈಗೆ ತಿಳದಷ್ಟು ಹಾಕು" ಎಂದ. ಎಷ್ಟು ಹೊತ್ತು ನೆನೆಯಬೇಕೆಂದು ಕೇಳಿದರೆ, "ನಿನಗ ತಡಕೊಳ್ಳಾಕ ಆಗೋತನ" ಎಂದ. ಇನ್ನೇನು ಫೋನು ಇಡಬೇಕು, ಅಷ್ಟರಲ್ಲಿ ಆಚೆಯಿಂದ ಕೂಗಿದ: "ಲೇ, ಒಂದು ಮಾತು ಕೇಳು. ಯಾರೂ ತೊಳೀದಂಗ ನೋಡ್ಕೋ!" ಇಬ್ಬರೂ ನಗತೊಡಗಿದೆವು. ಅವನ ನಗು ಕೆಮ್ಮಿಗೆ ತಿರುಗಿತು, ನನ್ನದು ಎಲ್ಲಿಗೆ ತಿರುಗಿತೆಂದು ಹೇಳುವುದಿಲ್ಲ.

ತಾಳಿ, ಒಮ್ಮೆ ಮಗುಚಿ ಬರುತ್ತೇನೆ.

ಹಾಂ. ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಮ್ಮಪ್ಪ ದೇವದುರ್ಗದ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನ. ನಾನು ರಾಯಚೂರಿನ ಹಾಸ್ಟೆಲಿನಲ್ಲಿದ್ದು ಮಾಸ್ತರಿಕೆಯ ತರಬೇತಿ ಓದುತ್ತಿದ್ದೆ. ಅವ್ವನ ತವರು ಮಾನ್ವಿ. ಅಲ್ಲಿ ಅಜ್ಜಿ ಹುಲಿಗೆಮ್ಮ ಒಬ್ಬಳೇ. ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ ಹಾಡಿಗೆ ಅವಳದೇ ಮೊದಲ ದನಿ, ಜಗಳಕ್ಕೂ ಅವಳದೇ ಮೊದಲ ದನಿ. ಅವಳ ಮಗ ಅಮರೇಶ ಮ್ಯಾಟ್ರಿಕ್‌ನಲ್ಲಿ ಡುಮ್ಕಿ ಹೊಡೆದು, ಎಪ್ಪತ್ತರ ದಶಕದಲ್ಲಿ ಒಂದು ದಿನ ರಾಯಚೂರು ಸ್ಟೇಷನ್ನಿನಲ್ಲಿ ರೈಲು ಹತ್ತಿ ಸಿಕಂದರಾಬಾದಿಗೆ ಹೋದವನು, ಒಂದು ಚೀನೀ ಹೋಟೆಲಿನಲ್ಲಿ ಪಾತ್ರೆ ತಿಕ್ಕುವ ಕೆಲಸಕ್ಕೆ ಸೇರಿದ.

ಚೀನೀ ಹೋಟೆಲು ಅಂದರೆ ಮಾಲೀಕನೂ ಚೀನಾದವನೇ, ಅಪ್ಪನ ಕಾಲದಿಂದ ಅಲ್ಲಿ ಬೇರು ಬಿಟ್ಟವನು. ಅಡುಗೆಯವರು ಮಾತ್ರ ಸುತ್ತಮುತ್ತಲಿನವರು, ಅವರಲ್ಲಿ ಯಾರೂ ಹಂದಿ ಮುಟ್ಟುತ್ತಿರಲಿಲ್ಲ. ಒಂದು ದಿನ ಮಾಲೀಕ ಪಾತ್ರೆ ತಿಕ್ಕುವವರ ಸಾಲಿಗೆ ಬಂದು, "ನಿಮ್ಮಲ್ಲಿ ಹಂದಿ ಮುಟ್ಟುವವರು ಯಾರಿದ್ದಾರೆ?" ಎಂದು ಕೇಳಿದನಂತೆ. ಮಾವ ಈ ಕಥೆಯನ್ನು ಊರಿಗೆ ಬಂದಾಗಲೆಲ್ಲ ಹೇಳುತ್ತಿದ್ದ. "ಆ ಮಾತು ಕೇಳಿದ ಮಂದಿ ಭಾಳ ಅದಾರ. ಹೌದು ಅಂದಿದ್ದಕ್ಕ ಅಡಿಗ್ಯಾಂವನ ನೌಕರಿ ಕೊಟ್ಟಾಂವ ಅವನೊಬ್ಬನ." ಹೇಳಿ ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವ ಮೊದಲೇ ಎದ್ದು ಅಂಗಳದ ಈ ತುದಿಯಿಂದ ಆ ತುದಿಗೆ ತಿರುಗುತ್ತಿದ್ದ. ಅವನಿಗೆ ಕೂತು ಗೊತ್ತಿರಲಿಲ್ಲ. ನಮ್ಮ ವಂಶಕ್ಕೇ ಕಾಲಲ್ಲಿ ಚಕ್ರ ಇದೆ ಅನ್ನುತ್ತಿದ್ದಳು ಅವ್ವ.

ಆ ಹೋಟೆಲಿಗೆ ಯಾರ್‍ಯಾರೋ ಬರುತ್ತಿದ್ದರು. ಮಿಲಿಟರಿ ಸಾಹೇಬರು, ಡಾಕ್ಟರು, ರೈಲ್ವೆಯವರು. ಮಾವ ಬೇಯಿಸಿದ್ದನ್ನು ತಿಂದು, "ಇದನ್ನು ಮಾಡಿದವರು ಯಾರು, ಕರೀರಿ" ಅನ್ನುತ್ತಿದ್ದರಂತೆ. ಮಾವ ಟವೆಲಿಗೆ ಕೈ ಒರೆಸಿಕೊಂಡು ಹೊರಗೆ ಬಂದು ನಿಲ್ಲುತ್ತಿದ್ದ. ಈ ಮಾತು ಹೇಳುವಾಗ ಎದ್ದು ನಿಂತು ಹೇಗೆ ನಿಲ್ಲುತ್ತಿದ್ದೆನೆಂದು ತೋರಿಸುತ್ತಿದ್ದ. ಅಜ್ಜಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಯಾಕೆಂದರೆ ಮಾನ್ವಿ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಮ್ಮ ಕೇರಿಯವರಿಗೆ ಚಹಾದ ಕಪ್ಪೇ ಬೇರೆ ಇತ್ತು. ಹೊರಗೋಡೆಯ ಗೂಡಿನಲ್ಲಿ ಇಟ್ಟಿರುತ್ತಿದ್ದರು. ನಾವೇ ತೆಗೆದುಕೊಂಡು, ಕುಡಿದು, ನಾವೇ ತೊಳೆದು ಇಡಬೇಕು. ನಾನು ಸಣ್ಣವಳಿದ್ದಾಗ ಮಾವನ ಹೆಗಲ ಮೇಲೆ ಕೂತು ಹೋಗಿ ಅಲ್ಲಿ ಚಹಾ ಕುಡಿದಿದ್ದೇನೆ. ಎತ್ತರದಲ್ಲಿ ಕೂತಿದ್ದರಿಂದ ಗೂಡಿನಿಂದ ಕಪ್ಪು ತೆಗೆಯುವ ಕೆಲಸ ನನ್ನದು. ಅದೊಂದು ದೊಡ್ಡ ಅಧಿಕಾರ ಎಂದುಕೊಂಡಿದ್ದೆ.

ಈಗ ಹೆಗಲ ಮೇಲೆ ಕೂರಿಸಿಕೊಂಡ ಮಾವನ ಇನ್ನೊಂದು ಸಂಗತಿ ಹೇಳಬೇಕು. ನಮ್ಮಲ್ಲಿ ಅಕ್ಕನ ಮಗಳು ಅಂದರೆ ತಮ್ಮನಿಗೆ ಹುಟ್ಟಿನಿಂದಲೇ ಮೀಸಲು. ನನಗೆ ಹಲ್ಲು ಬರುವ ಮೊದಲೇ ಅಜ್ಜಿ, "ಈಕಿ ನಮ್ಮ ಅಮರೇಶಗ" ಎಂದು ಹೇಳಿಟ್ಟಿದ್ದಳು. ಅದನ್ನು ತಮಾಷೆಯಾಗಿ ಕೇಳುತ್ತ ಬೆಳೆದವಳು ನಾನು. ಆ ವರ್ಷ ತಮಾಷೆ ಹೋಗಿ ಮಾತು ಗಟ್ಟಿಯಾಯಿತು. ಅಜ್ಜಿಗೆ ಒಂದೇ ಹಟ: ಮಗ ಸಿಕಂದರಾಬಾದು ಬಿಟ್ಟು ಮಾನ್ವಿಗೆ ಬಂದು ನಿಲ್ಲಬೇಕು. ಬಂದು ನಿಂತರೆ ಆ ಬೇಸಿಗೆಯಲ್ಲೇ ನಮ್ಮಿಬ್ಬರ ತಲೆಗೆ ಅಕ್ಕಿಕಾಳು, ಅಂದರೆ ಲಗ್ನ. "ಮಗನೂ ಕಣ್ಣ ಮುಂದ, ಮೊಮ್ಮಗಳೂ ಕಣ್ಣ ಮುಂದ. ಇನ್ನ ನನಗೇನು ಬೇಕು?" ಎಂದು ಅವ್ವನ ಮುಂದೆ ಕಣ್ಣೀರು ಹಾಕಿದ್ದಳಂತೆ. ಅವ್ವ ಒಪ್ಪಿದಳು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ನನಗೂ ತಿಳಿಯದು. ಮಾವನೆಂದರೆ ನನಗೆ ಬಹಳ ಇಷ್ಟ. ಆದರೆ ಅದು ಹೆಗಲ ಮೇಲೆ ಕೂತು ಕಪ್ಪು ತೆಗೆದವಳ ಇಷ್ಟ. ಮೇಲಾಗಿ ನನ್ನ ತರಬೇತಿ ಇನ್ನೂ ಮುಗಿದಿರಲಿಲ್ಲ. ಮದುವೆಯಾದ ಸೊಸೆಯನ್ನು ಯಾವುದೋ ಊರಿನ ಶಾಲೆಗೆ ಕಳಿಸುವ ಪೈಕಿ ಅಲ್ಲ ನಮ್ಮ ಅಜ್ಜಿ. ಹಾಸ್ಟೆಲಿನಲ್ಲಿ ಪುಸ್ತಕ ತೆರೆದರೆ ಮನಸ್ಸು ಮಾನ್ವಿಗೆ ಓಡುತ್ತಿತ್ತು, ಮಾನ್ವಿಗೆ ಹೋದರೆ ಪುಸ್ತಕಕ್ಕೆ ಓಡುತ್ತಿತ್ತು.

ಮಾವ ಮಾನ್ವಿಯಲ್ಲಿ ನಿಲ್ಲಲು ಅಲ್ಲಿ ಅವನಿಗೊಂದು ಕೆಲಸ ಬೇಕಲ್ಲ? ಅದಕ್ಕೂ ಒಂದು ದಾರಿ ತೆರೆದುಕೊಂಡಿತ್ತು. ಆ ಬಸ್‌ಸ್ಟ್ಯಾಂಡ್ ಹೋಟೆಲಿನ ಮಾಲೀಕರ ಮಗ ಪಂಪಣ್ಣ ಹೈಸ್ಕೂಲಿನಲ್ಲಿ ಮಾವನ ಬೆಂಚಿನವನು. ಅಪ್ಪ ಹಾಸಿಗೆ ಹಿಡಿದ ಮೇಲೆ ದುಡ್ಡಿನ ಗಲ್ಲೆಯ ಮೇಲೆ ಅವನೇ ಕೂಡುತ್ತಿದ್ದ. ಅಕ್ಕಿ ಮಿಲ್ಲಿನ ವ್ಯಾಪಾರಿಗಳು, ಕಾಲುವೆ ಆಫೀಸಿನವರು ಬಂದು ಏನಾದರೂ ಹೊಸ ರುಚಿ ಕೇಳುತ್ತಾರೆ, ಕುರಿ ಸಾರು ಬಿಟ್ಟರೆ ನನ್ನ ಹತ್ತಿರ ಏನಿದೆ ಅನ್ನುತ್ತಿದ್ದ. ಮಾವ, "ಒಂದು ದಿನ ಮನಿಗೆ ಬಾ, ನನ್ನ ಕೈ ಅಡಿಗಿ ತಿಂದು ನೋಡು" ಎಂದ. ಪಂಪಣ್ಣ, "ಬರ್ತೀನಿ, ಆದ್ರ ಅದು ಏನು ಖಂಡ ಅಂತ ನಾ ಕೇಳಂಗಿಲ್ಲ, ನೀ ಹೇಳಬ್ಯಾಡ" ಎಂದ. ಅವನಿಗೆ ರುಚಿ ಹಿಡಿಸಿದರೆ ಕೆಲಸ, ಕೆಲಸ ಸಿಕ್ಕರೆ ಮಾವ ಮಾನ್ವಿಯಲ್ಲಿ, ಮಾವ ಮಾನ್ವಿಯಲ್ಲಿದ್ದರೆ ನನ್ನ ಕೊರಳಲ್ಲಿ ತಾಳಿ. ಒಂದು ಹಂದಿಯ ಮೇಲೆ ಇಷ್ಟೆಲ್ಲ ಭಾರ ಬಿತ್ತು.

ನನ್ನನ್ನೂ ಕರೆಸಿದರು. ಅವ್ವ, ಅಪ್ಪ ದೇವದುರ್ಗದಿಂದ ಸಿರವಾರದಲ್ಲಿ ಬಸ್ಸು ಬದಲಿಸಿ ಬಂದರು, ನಾನು ರಾಯಚೂರಿನಿಂದ ಬಂದೆ. ಮಾವ ಬಂದವನೇ ಜೋಳಿಗೆಯಿಂದ ಒಂದು ಉದ್ದ ಶೀಶೆ ತೆಗೆದು ಗೂಡಿನಲ್ಲಿಟ್ಟ. ಒಳಗೆ ಕರ್ರಗೆ ಏನೋ. ಅಜ್ಜಿ ಅದನ್ನು ದೂರದಿಂದಲೇ ನೋಡಿ, "ಕೈಕಾಲು ನೋವಿಗೆ ಹಚ್ಚೋದೇನೋ?" ಎಂದಳು. ಆ ಸಲ ಮಾವ ನನ್ನನ್ನು ನೆಟ್ಟಗೆ ನೋಡಲಿಲ್ಲ. ನಾನೂ ನೋಡಲಿಲ್ಲ. ಇಬ್ಬರೂ ಶೀಶೆಯನ್ನೇ ನೋಡುತ್ತಿದ್ದೆವು.

ನಮ್ಮ ಕೇರಿಯಲ್ಲಿ ಹಂದಿ ಕೊಯ್ಯುವುದು ಆಯಿತವಾರ ಬೆಳಿಗ್ಗೆ. ಕೊಯ್ದು, ಪಾಲು ಹಾಕಿ, ಮಧ್ಯಾಹ್ನಕ್ಕೆ ಎಲ್ಲರ ಒಲೆಯ ಮೇಲೆ ಇರಬೇಕು. ಮಾವ ಬಂದು ಶನಿವಾರ ಸಂಜೆಗೇ ಕೊಯ್ಯಿಸಿದ್ದಕ್ಕೆ ಅರ್ಧ ಕೇರಿ ಗೊಣಗಿತು. ಎಲ್ಲರೂ ಕೆಂಪು ಖಂಡಕ್ಕೆ ಮುಗಿಬಿದ್ದರೆ ಇವನು ಹೊಟ್ಟೆಯ ಪದರ, ತೊಗಲು ಸಮೇತ, ಆರಿಸಿಕೊಂಡು ತಂದ. ಶುಂಠಿ ಬೆಳ್ಳುಳ್ಳಿ ಜಜ್ಜಿದ. ಅವನ ಹೋಟೆಲಿನಲ್ಲಿ ಅಕ್ಕಿಯಿಂದ ಮಾಡಿದ ಯಾವುದೋ ಮದ್ಯ ಹಾಕುತ್ತಿದ್ದರಂತೆ. ಮಾನ್ವಿಯಲ್ಲಿ ಅದೆಲ್ಲಿ ಸಿಗಬೇಕು? ಶೇಂದಿ ತರಿಸಿದ. ತರಿಸಿದ್ದರಲ್ಲಿ ಖಂಡಕ್ಕೆ ಬಿದ್ದದ್ದಕ್ಕಿಂತ ನಮ್ಮಪ್ಪನ ಹೊಟ್ಟೆಗೆ ಬಿದ್ದದ್ದೇ ಹೆಚ್ಚು. ಕೊನೆಗೆ ಶೀಶೆ ಬಗ್ಗಿಸಿ ಕರಿ ರಸ ಸುರಿದು, ಎರಡೂ ಕೈಯಿಂದ ತಿಕ್ಕಿ ಕಲಸಿ, "ಇನ್ನ ನಾಳಿ ಮಧ್ಯಾಹ್ನತನ ಯಾರೂ ಮುಟ್ಟಬ್ಯಾಡ್ರಿ" ಎಂದ.

ಅಜ್ಜಿ ಹೌಹಾರಿದಳು. "ನಾಳಿತನ? ಹಸಿ ಖಂಡ ಮನ್ಯಾಗ ಬೆಳತನ ಇಡ್ತಾರೇನೋ? ದೆವ್ವ ಕರದು ಕುಂದರಿಸ್ತೀಯೇನು?" ನಮ್ಮಲ್ಲಿ ಹಸಿ ಖಂಡಕ್ಕೆ ರಾತ್ರಿ ಸೂರಿನಡಿ ಜಾಗವಿಲ್ಲ. ಬೀದಿಯಲ್ಲಿ ತರುವಾಗಲೂ ಮೇಲೊಂದು ಇದ್ದಿಲು, ಒಂದೆಸಳು ಬೇವು ಇಟ್ಟೇ ತರಬೇಕು. ಇಲ್ಲದಿದ್ದರೆ ಗಾಳಿ ಬೆನ್ನು ಹತ್ತುತ್ತದೆ. ಮಾವ, "ಯವ್ವಾ, ನೆನೀಲಿಲ್ಲಂದ್ರ ರುಚಿ ಒಳಗ ಇಳಿಯಂಗಿಲ್ಲ" ಎಂದ. ಅಜ್ಜಿ, "ಖಾರಪುಡಿ ಹಾಕು, ತಾನ ಇಳೀತದ" ಎಂದಳು. ವಾದ ಬೆಳೆದು ಬೆಳೆದು, ಕೊನೆಗೆ ಮಗನ ಮುಖ ನೋಡಿ ಅಜ್ಜಿ ಸೋತಳು. ಗಡಿಗೆಯ ಬಾಯಿಗೆ ತಟ್ಟೆ, ತಟ್ಟೆಯ ಮೇಲೆ ಇದ್ದಿಲು, ಬೇವು, ಒಂದು ಕುಡುಗೋಲು, ಎಲ್ಲದರ ಮೇಲೆ ಬುಟ್ಟಿ ಬೋರಲು ಹಾಕಿ ರುಬ್ಬುಗುಂಡು ಹೇರಿದಳು. ಚೀನಾ ದೇಶದ ಅಡುಗೆಗೆ ಅಂಥ ಬಂದೋಬಸ್ತು ಎಲ್ಲಿಯೂ ಆಗಿರಲಿಕ್ಕಿಲ್ಲ.

ಬೆಳಿಗ್ಗೆ ಮಾವ ಪಂಪಣ್ಣನಿಗೆ ನೆನಪು ಮಾಡಿಬರಲು ಬಸ್‌ಸ್ಟ್ಯಾಂಡಿಗೆ ಹೋದ. ಅವ್ವ, ನಾನು ನೀರಿಗೆ ಹೋದೆವು. ಅಪ್ಪ ಶೇಂದಿಯ ನಿದ್ದೆಯಿಂದ ಎದ್ದಿರಲಿಲ್ಲ, ಮನೆಯಲ್ಲಿ ಎಚ್ಚರವಿದ್ದವಳು ಅಜ್ಜಿ ಒಬ್ಬಳೇ. ದೆವ್ವ ಬಂದು ಹೋಗಿದೆಯೋ ಎಂದು ನೋಡಲು ಬುಟ್ಟಿ ಎತ್ತಿದಳಂತೆ. ನೋಡಿದರೆ, ಸಂಜೆ ಕೆಂಪಗಿದ್ದ ಖಂಡ ಕಂದು ಬಣ್ಣಕ್ಕೆ ತಿರುಗಿ, ಸುತ್ತ ಕರಿ ನೀರು ನಿಂತಿದೆ, ಹುಳಿ ಹುಳಿ ವಾಸನೆ. ಆ ವಾಸನೆ ಶೇಂದಿಯದು. ಗಾಬರಿಯಲ್ಲಿ ಅವಳಿಗೆ ಹೇಗೆ ಹೊಳೆಯಬೇಕು? ಖಂಡ ಕೆಟ್ಟಿತು. ಮಗ ಗೆಳೆಯನ ಮುಂದೆ ಮಾನ ಕಳೆದುಕೊಳ್ಳುತ್ತಾನೆ, ಕೆಲಸ ಹೋಗುತ್ತದೆ, ಮದುವೆ ಹೋಗುತ್ತದೆ. ಮಗನಿಗೆ ಗೊತ್ತಾಗುವ ಮೊದಲೇ ಸರಿಮಾಡಿಬಿಡಬೇಕು. ಹಾಗೆಂದುಕೊಂಡು ಗಡಿಗೆಯನ್ನು ಅಂಗಳಕ್ಕೆ ಎಳೆದು, ನೀರು ಹಾಕಿ ತೊಳೆದಳು. ಉಪ್ಪು ಹಚ್ಚಿ ತೊಳೆದಳು. ಕರಿ ನೀರು ಹೋಗಿ ಬಿಳಿ ನೀರು ಬರುವವರೆಗೆ ತೊಳೆದಳು. ಕೊನೆಗೆ ಕೈತುಂಬ ಅರಿಶಿಣ ತೆಗೆದುಕೊಂಡು, ಬಾಣಂತಿಯ ಕೂಸಿಗೆ ಎಣ್ಣೆ ಹಚ್ಚಿದಷ್ಟು ಅಕ್ಕರೆಯಿಂದ ಒಂದೊಂದು ತುಂಡಿಗೂ ಹಚ್ಚಿಟ್ಟಳು.

ನಾವು ಕೊಡ ಹೊತ್ತುಕೊಂಡು ಬರುವಾಗ ಬಚ್ಚಲ ಕಾಲುವೆಯಲ್ಲಿ ಕರಿ ನೀರು ಹರಿಯುತ್ತಿತ್ತು, ಎರಡು ನಾಯಿಗಳು ಅದನ್ನು ನೆಕ್ಕುತ್ತಿದ್ದವು. ಮಾವನೂ ಅದೇ ಹೊತ್ತಿಗೆ ಬಂದ. ಗಡಿಗೆಯೊಳಗೆ ಬಗ್ಗಿ ನೋಡಿದ. ಬಂಗಾರದ ಬಣ್ಣದ ಖಂಡ.

"ಯವ್ವಾ, ಮಸಾಲಿ ಎಲ್ಲಿ?"

"ಯಾವ ಮಸಾಲಿ? ಹೊಲಸೆಲ್ಲ ಸಾಫ್ ತೊಳದೀನಿ. ನಾ ನೋಡಿದ್ದಕ್ಕ ಉಳೀತು, ಇಲ್ಲಂದ್ರ ನಿನ್ನ ಮರ್ಯಾದಿ ಹೋಗಿತ್ತು."

ಮಾವ ಹೊಸ್ತಿಲ ಮೇಲೆ ಕೂತ. ಎದ್ದ. ಮತ್ತೆ ಕೂತ. ಹೊರಗೆ ಹೋಗಿ ಬೇವಿನ ಮರದವರೆಗೆ ನಡೆದು ತಿರುಗಿ ಬಂದ. ಬೈಯಬೇಕೆಂದು ಬಾಯಿ ತೆರೆದ. ಅಜ್ಜಿಯ ಅಂಗೈ ಎರಡೂ ಹಳದಿ, ಮುಖದಲ್ಲಿ ದೊಡ್ಡ ಗಂಡಾಂತರದಿಂದ ಮಗನನ್ನು ಪಾರು ಮಾಡಿದ ಸಮಾಧಾನ. ಬಾಯಿ ಮುಚ್ಚಿಕೊಂಡ. ಗೂಡಿನಿಂದ ಶೀಶೆ ತೆಗೆದು ಬೆಳಕಿಗೆ ಹಿಡಿದ. ತಳದಲ್ಲಿ ಸ್ವಲ್ಪ ಉಳಿದಿತ್ತು. ಆಮೇಲೆ ಅಷ್ಟು ದಿನದಲ್ಲಿ ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿ, "ಬಾರಲೇ, ಬಳ್ಳೊಳ್ಳಿ ಸುಲಿ" ಎಂದ.

ನೆನೆದ ಖಂಡದ ಆಸೆ ಬಿಟ್ಟು ಅವನು ಅಜ್ಜಿಯ ದಾರಿಯಲ್ಲೇ ಹೊರಟ. ಅಜ್ಜಿಯ ಕಬ್ಬಿಣದ ಬಾಣಲೆ ಇಟ್ಟು, ಎಣ್ಣೆ ಹಾಕದೆ, ಅರಿಶಿಣ ಹಚ್ಚಿದ ಖಂಡವನ್ನು ತನ್ನದೇ ನೆಣದಲ್ಲಿ ಸಣ್ಣ ಉರಿಯಲ್ಲಿ ಹುರಿದ. ತೊಗಲು ಚಟಪಟ ಅಂದಿತು. ಒಣಮೆಣಸಿನಕಾಯಿ ಮುರಿದು ಹಾಕಿದ, ಬೆಳ್ಳುಳ್ಳಿ ಹಾಕಿದ. ಎಲ್ಲ ಕೆಂಪಗಾದ ಮೇಲೆ ಉರಿ ಏರಿಸಿ, ಬೆಲ್ಲ ಕದಡಿದ ಶೇಂದಿ, ಶೀಶೆಯಲ್ಲಿ ಉಳಿದ ರಸ ಎರಡನ್ನೂ ಬಾಣಲೆಯ ಅಂಚಿಗೆ ಸುರಿದ. ಸುರ್ರೆಂದು ಹೊಗೆ ಎದ್ದಿತು ನೋಡಿ, ಆ ವಾಸನೆಯೇ ಮೊನ್ನೆ ಮಾಡದ ಮುಂದೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದ್ದು. ಮಾವ ಒಂದು ತುಂಡು ಬಾಯಿಗೆ ಹಾಕಿಕೊಂಡು ನಿಧಾನ ಅಗಿದ. "ಇದು ಚೀನಾದ್ದಲ್ಲ," ಎಂದ. ಇನ್ನೊಂದು ತುಂಡು ಹಾಕಿಕೊಂಡ. "ಅದಕ್ಕಿಂತ ಚಲೋ ಅದ."

ಪಂಪಣ್ಣ ಮೋಟಾರ್ ಸೈಕಲನ್ನು ಕೇರಿಯ ಬಾಯಲ್ಲೇ ನಿಲ್ಲಿಸಿ, ಅತ್ತಿತ್ತ ನೋಡಿಕೊಂಡು ನಡೆದುಬಂದ. ಅಂಗಳದ ಹೊರಸಿನ ಮೇಲೆ ಕೂರಿಸಿ, ಜೋಳದ ರೊಟ್ಟಿ, ಖಂಡ ಬಡಿಸಿದೆವು. ಮೊದಲ ತುತ್ತು ಅಂಜಿಕೆಯಿಂದ ತಿಂದ. ಎರಡನೆಯದಕ್ಕೆ ಅಂಜಿಕೆ ಹೋಯಿತು. ಆಮೇಲೆ ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅವ್ವ ಬಾಗಿಲ ಸಂದಿಯಲ್ಲಿ ನಿಂತು ನನ್ನ ಕೈ ಒತ್ತಿದಳು. ಅವಳ ಮಟ್ಟಿಗೆ ಅಕ್ಕಿಕಾಳು ಬಿದ್ದೇ ಹೋಗಿತ್ತು. ನನಗೆ ಒಂದು ಕಡೆ, ತಿನ್ನಲಿ, ಇನ್ನೂ ತಿನ್ನಲಿ, ಮಾವ ಗೆಲ್ಲಲಿ ಅನ್ನಿಸುತ್ತಿತ್ತು. ಇನ್ನೊಂದು ಕಡೆ ಪಂಪಣ್ಣ ತಿನ್ನುವ ಒಂದೊಂದು ತುತ್ತಿಗೂ ಹಾಸ್ಟೆಲಿನ ನನ್ನ ಟ್ರಂಕು, ಪುಸ್ತಕ ಎಲ್ಲ ದೂರ ಸರಿಯುತ್ತಿದ್ದವು. ನಿಂತಲ್ಲಿ ನಿಲ್ಲಲಾಗದೆ ಒಳಗೂ ಹೊರಗೂ ಓಡಾಡುತ್ತಿದ್ದೆ.

ಪಂಪಣ್ಣ ಬೆರಳು ಚೀಪಿ ಮುಗಿಸಿದ. "ಅಮರ್‍ಯಾ, ಇಂಥಾದ್ದು ನಾ ಎಂದೂ ತಿಂದಿಲ್ಲ. ನಾಳಿಂದನ ಬಾ. ಇದ ಮಸಾಲಿ, ಕೋಳಿ ಹಾಕಿ ಮಾಡು. ರಾಯಚೂರಿನ ಸಾವ್ಕಾರ್ರು ಹುಡುಕ್ಕೊಂಡು ಬರ್ತಾರ." ಅಜ್ಜಿ ಎರಡೂ ಕೈ ಮುಗಿದಳು. ಪಂಪಣ್ಣ ದನಿ ಇಳಿಸಿದ. "ಒಂದು ಮಾತು. ತಪ್ಪು ತಿಳ್ಕೋಬ್ಯಾಡ. ಹಿತ್ತಲ ಬಾಗಿಲಿಂದ ಬಾ, ಒಳಗ ಅಡಿಗಿ ಮಾಡು, ಹೊರಗ ಬರಬ್ಯಾಡ. ಯಾರರ ಕೇಳಿದ್ರ ನೇಪಾಳದಿಂದ ಅಡಿಗ್ಯಾಂವನ್ನ ಕರಸೀನಿ ಅಂತೀನಿ. ಹೆಸರೂ ಏನರ ಬ್ಯಾರೆ ಇಡೋಣು. ನನಗ ಏನೂ ಇಲ್ಲಪ್ಪ, ನಾ ನಿಮ್ಮ ಮನ್ಯಾಗ ಕುಂತು ಉಂಡೀನಿ. ಆದ್ರ ಮಂದಿ ಉಣಬೇಕಲ್ಲ?"

ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಮಾವ ನೆಲ ನೋಡುತ್ತ ನಿಂತ. ಬೀಡಿಯನ್ನೂ ಹಚ್ಚಲಿಲ್ಲ, ತಿರುಗಾಡಲೂ ಇಲ್ಲ. ಅವನು ಹಾಗೆ ಅಲ್ಲಾಡದೆ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಒಮ್ಮೆ ತನ್ನ ಅವ್ವನ ಕಡೆ ನೋಡಿದ. ಅವಳ ಮುಗಿದ ಕೈ ಇನ್ನೂ ಹಾಗೇ ಇತ್ತು. "ಆತು," ಎಂದ ಮೆಲ್ಲಗೆ. "ಬರ್ತೀನಿ."

ಅಜ್ಜಿ ಕೈ ಇಳಿಸಿದಳು. ತಂಬಿಗೆಯಲ್ಲಿ ನೀರು ತಂದು ಪಂಪಣ್ಣನ ಮುಂದೆ ನಿಂತಳು. "ಕೈ ತೊಳ್ಕೊಳ್ಳಪ್ಪ," ಎಂದು ತಾನೇ ನೀರು ಹಾಕಿದಳು. "ಉಂಡಿ, ನಮಗ ಭಾಳ ಖುಷಿ ಆತು. ನಿನ್ನ ಬಾಯಿಗೆ ಹತ್ತಿದ್ದು ಏನು ಗೊತ್ತೇನು? ನನ್ನ ಅರಿಶಿಣ. ನನ್ನ ಬಾಣಲಿ. ಅದಕ್ಕ ನೇಪಾಳದ ಹೆಸರು ಇಡ್ತೀಯೇನು?" ಪಂಪಣ್ಣ, "ಹಂಗಲ್ಲ ಯವ್ವಾ..." ಎಂದು ತಡವರಿಸಿದ. ಅಜ್ಜಿ ಅವನನ್ನು ಬಿಟ್ಟು ಮಗನ ಕಡೆ ತಿರುಗಿದಳು.

"ಅಲ್ಲಿ ಸಿಕಂದರಾಬಾದಿನ್ಯಾಗ ನಿನ್ನ ಏನಂತ ಕರೀತಾರ?"

"ಅಮರೇಶ ಅಂತಾರ."

"ಹಂಗಾರ ಅಲ್ಲೇ ಹೋಗು, ಮಗನ."

ಅಷ್ಟು ಹೇಳಿ ಒಳಗೆ ಹೋದಳು. ಮಗ ಕಣ್ಣ ಮುಂದೆ ಇರಬೇಕೆಂದು ಊರ ದೇವರಿಗೆಲ್ಲ ಹರಕೆ ಹೊತ್ತವಳು ಅವಳೇ, ಹೋಗು ಎಂದವಳೂ ಅವಳೇ. ಒಳಗೆ ಬಾಣಲೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ನನ್ನ ಎದೆ ಹಗುರಾಯಿತು. ಸುಳ್ಳು ಯಾಕೆ ಹೇಳಲಿ, ನನ್ನ ಪುಸ್ತಕ ನನಗೆ ಉಳಿಯಿತು ಎಂಬ ಖುಷಿ ಮೊದಲು ಬಂತು. ಅದರ ಹಿಂದೆಯೇ ಅಜ್ಜಿಯ ಬಗ್ಗೆ ಎಂಥದೋ ಹೆಮ್ಮೆ. ಅದರ ಹಿಂದೆ ಅಳು. ಮೂರೂ ಒಟ್ಟಿಗೆ ಬಂದಾಗ ಮನುಷ್ಯ ಏನು ಮಾಡಬೇಕು? ಹಿತ್ತಲಿಗೆ ಹೋಗಿ ಉಳಿದ ಬೆಳ್ಳುಳ್ಳಿಯನ್ನೆಲ್ಲ ಸುಲಿದು ಕೂತೆ.

ಮರುದಿನ ಮಾವ, ನಾನು ಒಂದೇ ಬಸ್ಸಿನಲ್ಲಿ ರಾಯಚೂರಿಗೆ ಬಂದೆವು, ಅವನು ಸ್ಟೇಷನ್ನಿಗೆ, ನಾನು ಹಾಸ್ಟೆಲಿಗೆ. ದಾರಿಯುದ್ದಕ್ಕೂ ಇಬ್ಬರೂ ಕಿಟಕಿಯಾಚೆ ಗದ್ದೆ ನೋಡುತ್ತಿದ್ದೆವು. ಊರು ಹತ್ತಿರ ಬಂದಾಗ ಮಾವ, "ಲಗ್ನ ತಪ್ಪಿತಂತ ನಿನಗ ಬ್ಯಾಸರ ಆತೇನಲೇ?" ಎಂದು ಕೇಳಿದ. "ಇಲ್ಲ" ಎಂದೆ. "ಹುಚ್ಚಿ, ಸ್ವಲ್ಪನರ ಆತು ಅನ್ನಬಾರದೇನು?" ಎಂದ. ಆಗ ಇಬ್ಬರೂ ನಕ್ಕೆವು, ಮತ್ತೆ ಹಳೆಯ ಮಾವ, ಹಳೆಯ ಸೋದರಸೊಸೆ ಆದೆವು. ಅವನು ಅಲ್ಲೇ ಮದುವೆಯಾದ, ಅಲ್ಲೇ ಮಕ್ಕಳಾದವು. ನಾನು ಟೀಚರಾದೆ. ಖಾಲಿ ಶೀಶೆ ಮಾತ್ರ ಅಜ್ಜಿಯ ಗೂಡಿನಲ್ಲಿ ಉಳಿಯಿತು. ಮನೆಯಲ್ಲಿ ಒಂದು ಚೊಂಬನ್ನೂ ತೊಳೆಯದೆ ಬಿಡದವಳು ಅದನ್ನು ತೊಳೆಯಲಿಲ್ಲ. ನಾನು ಹೋದಾಗೊಮ್ಮೆ ನೋಡಿದ್ದೇನೆ: ಬಿರಡೆ ತೆಗೆದು, ಮೂಗಿನ ಹತ್ತಿರ ಹಿಡಿದು, ಮತ್ತೆ ಬಿರಡೆ ಹಾಕಿ ಇಡುತ್ತಿದ್ದಳು. ಏನು ಬೇ ಅಜ್ಜಿ ಎಂದು ಕೇಳಿದರೆ, "ಗಬ್ಬು ನಾರ್ತದ" ಅನ್ನುತ್ತಿದ್ದಳು.

ಇಷ್ಟು ಹೇಳುವ ಹೊತ್ತಿಗೆ ಬಿಸಿಲು ಇಳಿಯಿತು. ಖಂಡ ನೆನೆದಿದೆ, ಕಪ್ಪಾಗಿದೆ, ಹಳೆಯ ಉಪ್ಪಿನಕಾಯಿಯಂತೆ ನಾರುತ್ತಿದೆ. ಅಜ್ಜಿ ನೋಡಿದ್ದರೆ ತೊಳೆದೇ ತೊಳೆಯುತ್ತಿದ್ದಳು. ನಾನು ತೊಳೆಯಲಿಲ್ಲ, ಆದರೆ ಒಂದು ಚಿಟಿಕೆ ಅರಿಶಿಣ ಹಾಕದೆ ಇರಲೂ ಆಗಲಿಲ್ಲ. ಗ್ಯಾಸಿನ ಮೇಲೆ ಕಬ್ಬಿಣದ ಬಾಣಲೆ ಇಟ್ಟೆ. ಅಭ್ಯಾಸದಂತೆ ಕೈ ಕಿಟಕಿಯ ಕಡೆ ಹೋಯಿತು. ಚಿಲಕ ಹಿಡಿದವಳು ಹಾಗೇ ನಿಂತೆ. ಅಲ್ಲಿ ನಿನ್ನ ಏನಂತ ಕರೀತಾರ? ಅಜ್ಜಿ ಆ ಮಾತನ್ನು ನನಗೇ ಕೇಳಿದಂತಾಯಿತು. ಇಲ್ಲಿ ನನ್ನನ್ನು ಟೀಚರ್ ಅಂತಾರೆ, ಅಜ್ಜಿ. ಬದನೆಕಾಯಿ ಟೀಚರ್. ಮಗನನ್ನು ಕಳೆದುಕೊಂಡರೂ ತನ್ನ ಬಾಣಲೆಗೆ ಬೇರೆ ಹೆಸರು ಇಡಗೊಡದವಳ ಮೊಮ್ಮಗಳು ನಾನು, ಇಷ್ಟು ವರ್ಷ ಬದನೆಕಾಯಿಯ ಹೆಸರು ಹೇಳಿಕೊಂಡು ಬಂದಿದ್ದೇನೆ. ನಾಚಿಕೆಯಾಯಿತು. ಸಿಟ್ಟೂ ಬಂತು, ಯಾರ ಮೇಲೆಂದು ಕೇಳಬೇಡಿ.

ಕಿಟಕಿಯ ಎರಡೂ ಬಾಗಿಲು ತೆರೆದು ಗೋಡೆಗೆ ತಾಗಿಸಿದೆ. ಬಾಣಲೆಗೆ ಖಂಡ ಸುರಿದೆ. ಸುರ್ರೆಂದು ಹೊಗೆ ಎದ್ದು, ಒಂದು ಕ್ಷಣ ನನ್ನ ಸುತ್ತ ಸುಳಿದು, ಕಿಟಕಿಯಿಂದ ಕಾಂಪೌಂಡು ದಾಟಿ ಹೋಯಿತು. ಯಜಮಾನರು ಗಾಬರಿಯಾಗಿ ಬಂದು ಕಿಟಕಿಯನ್ನೂ ನನ್ನನ್ನೂ ನೋಡಿದರು. ಬಾಗಿಲಲ್ಲೇ ನಿಂತರು. ಆಚೆ ಗಿಡಕ್ಕೆ ನೀರು ಬಿಡುತ್ತಿದ್ದ ಸುಮಿತ್ರಾಬಾಯಿಯವರ ದನಿ ಬಂತು.

"ಏನ್ರಿ ಟೀಚರ್, ಏನೋ ಘಮಘಮ ಅನ್ನಾಕತ್ತದ! ಬದ್ನಿಕಾಯೇನ್ರಿ?"

"ಅಲ್ರೀ," ಎಂದೆ. ನನ್ನ ದನಿ ಸ್ವಲ್ಪ ಜೋರಾಗಿಯೇ ಬಂತು. "ಹಂದಿ ಖಂಡ. ನಮ್ಮ ಕೇರ್‍ಯಾಗ ಮಾಡೋದು. ನಮ್ಮ ಅಜ್ಜಿ ಅಡಿಗಿ."

ಆಚೆಯಿಂದ ಪೈಪಿನ ನೀರು ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ನಾಳೆ ಅವರು ಅಡುಗೆ ಏನೆಂದು ಕೇಳುತ್ತಾರೋ ಇಲ್ಲವೋ, ಗೊತ್ತಿಲ್ಲ. ನಾನು ಉರಿ ಏರಿಸಿ ಬೆಲ್ಲ ಹಾಕಿದೆ. ಕಿಟಕಿ ತೆರೆದೇ ಇತ್ತು.